ಇಪ್ಪತ್ತರಲ್ಲಿ ನಿಂತ ಮುಳ್ಳು

ನನ್ನ ಗಂಡ ಹೆಂಡತಿಯ ಮಾತು ಕೇಳುವುದಿಲ್ಲ ಎಂದು ನಾನು ಯಾವತ್ತೂ ದೂರಿದವಳಲ್ಲ. ಯಾರ ಗಂಡ ಕೇಳುತ್ತಾನೆ? ನನ್ನ ದೂರು ಬೇರೆ. ಅವರು ಒಂದು ಮುಳ್ಳಿನ ಮಾತು ಕೇಳುತ್ತಿದ್ದರು. ಸವತಿ ಇದ್ದಿದ್ದರೆ ಜಡೆ ಹಿಡಿದಾದರೂ ಜಗಳಾಡಬಹುದಿತ್ತು, ಮುಳ್ಳಿಗೆ ಜಡೆ ಎಲ್ಲಿಂದ ತರಲಿ?

ಆ ಮುಳ್ಳು ಇದ್ದದ್ದು ನಮ್ಮ ಮೋಟಾರಿನಲ್ಲಿ. ಎರಡನೇ ದೊಡ್ಡ ಲಡಾಯಿ ನಡೆಯುತ್ತಿದ್ದ ಕಾಲ. ಈಗಿನ ಬಸವಕಲ್ಯಾಣ ಆಗ ಬರೀ ಕಲ್ಯಾಣಿ (ಬಸವಣ್ಣ ಊರಲ್ಲಿದ್ದ, ಊರಿನ ಹೆಸರಿನಲ್ಲಿ ಇನ್ನೂ ಬಂದು ಕೂತಿರಲಿಲ್ಲ). ನನ್ನ ಯಜಮಾನರು ಶಿವರಾಜ ವಕೀಲರು ಅಲ್ಲಿನ ಕಚೇರಿಯಲ್ಲಿ ವಕಾಲತ್ತು ಮಾಡುತ್ತಿದ್ದರು. ಹೈದರಾಬಾದಿನ ಒಬ್ಬ ನವಾಬಜಾದಾ ಸಾಹೇಬರು ರೇಸಿಗೆಂದು ವಿಲಾಯತಿಯಿಂದ ತರಿಸಿ, ಹದಿನೈದು ವರ್ಷ ಓಡಿಸಿ, ಬೇಸರಪಟ್ಟು ಬಿಟ್ಟ ಗಾಡಿಯನ್ನು ಇವರು ಕೊಂಡರು. ರೇಸಿನ ಕುದುರೆಯನ್ನು ತಂದು ಗಾಣಕ್ಕೆ ಹೂಡಿದ ಹಾಗಾಯಿತು.

ಅದರಲ್ಲಿ ಓಡಿಸುವವರ ಎದುರಿಗೇ ಒಂದು ದುಂಡನೆಯ ಗಾಜಿನ ಬಿಲ್ಲೆ. ಸೊನ್ನೆಯಿಂದ ನಲವತ್ತರವರೆಗೆ ಅಂಕಿ, ಒಂದೇ ಒಂದು ಮುಳ್ಳು. ಹೆಸರು ಟ್ಯಾಕೋಮೀಟರ್. ಎಂಜಿನ್ನು ನಿಮಿಷಕ್ಕೆ ಎಷ್ಟು ನೂರು ಸುತ್ತು ತಿರುಗುತ್ತದೆ ಎಂದು ಹೇಳುವುದು ಅದರ ಧರ್ಮ. ನಮ್ಮ ಅತ್ತೆ ಗಯಾಬಾಯಿಯವರು ಅದನ್ನು ಗಡಿಯಾರವೆಂದೇ ತಿಳಿದು 'ಗಡಿಯಾಲ' ಎಂದರು, ಮನೆಯಲ್ಲೆಲ್ಲ ಅದೇ ಹೆಸರು ನಿಂತಿತು.

ಗಾಡಿ ಒಪ್ಪಿಸುವಾಗ ನವಾಬಜಾದಾರ ಡ್ರೈವರ್ ಲಾಲ್ ಅಹ್ಮದ್ ಒಂದು ಮಾತು ಹೇಳಿದ್ದ: "ವಕೀಲಸಾಬ್, ಗಾಡಿಗಿ ವಯಸ್ಸಾಗ್ಯಾದ. ಮುಳ್ಳು ಹದಿನೈದು ದಾಟಗೊಡಬ್ಯಾಡ್ರಿ, ಎಂಜಿನ್ ಒಡೀತದ." ವಕೀಲರ ಕಿವಿಗೆ ಅದು ಮಾತಾಗಿ ಬೀಳಲಿಲ್ಲ, ಕಾನೂನಿನ ಕಲಮಾಗಿ ಬಿತ್ತು. ಅಂದಿನಿಂದ ಅವರು ರಸ್ತೆ ನೋಡಿ ಗಾಡಿ ಓಡಿಸಿದ್ದೇ ಇಲ್ಲ. ಮುಳ್ಳು ನೋಡಿ ಓಡಿಸುತ್ತಿದ್ದರು. ರಸ್ತೆ ನೋಡುವ ಕೆಲಸ ನನ್ನದು. "ಎಮ್ಮಿ ಬಂತ್ರಿ" ಎಂದು ನಾನು ಹೇಳಬೇಕು, "ಹದಿಮೂರು ಅದಾ" ಎಂದು ಅವರು ಉತ್ತರ ಕೊಡಬೇಕು.

ಹೀಗಿರುವಾಗ ಒಂದು ಸೋಮವಾರ ಮುಳ್ಳು ಸೊನ್ನೆಯ ಮೇಲೆ ಮಲಗಿತು. ಎಂಜಿನ್ನು ಗುಡುಗಿದರೂ ಏಳಲಿಲ್ಲ.

"ಇನ್ನ ನಾ ಗಾಡಿ ಮುಟ್ಟಂಗಿಲ್ಲ," ಎಂದರು ಇವರು.

"ಗಾಡಿ ಓಡತದಲ್ರಿ?"

"ನಾಡಿ ಸಿಗಲಾರದ ಮನಷ್ಯಾಗ ಓಡು ಅಂತೀಯೇನು?"

ಬೇರೆ ವಾರವಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ಆ ಶುಕ್ರವಾರ ಹುಮನಾಬಾದಿನಲ್ಲಿ ನನ್ನ ಮಗಳು ದ್ರೌಪತಿಯ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸಿರು, ಏಳನೇ ತಿಂಗಳು. ತವರಿನಿಂದ ಹಸಿರು ಸೀರೆ, ಕುಬಸ ಹೊಲಿಸಲು ಹಸಿರು ಖಣ, ಹಸಿರು ಬಳೆ ಹೋಗಬೇಕು, ಹೆತ್ತ ತಾಯಿ ಕೈಯಾರೆ ಉಡಿ ತುಂಬಬೇಕು. ಹತ್ತೂವರೆಗೆ ರಾಹುಕಾಲ, ಅದರೊಳಗೆ ಮುಗಿಯಬೇಕು. ಇದರ ಮೇಲೆ ಅವಳ ಅತ್ತೆ, ಅಂದರೆ ನನ್ನ ಬೀಗಿತಿ ಸರುಬಾಯಿ. (ಬೀಗಿತಿ ಎಂಬ ಪದದೊಳಗೇ ಬೀಗುವುದು ಕೂತಿದೆ, ಹಿರಿಯರು ತಿಳಿದೇ ಇಟ್ಟ ಹೆಸರು.) ಮದುವೆಯಲ್ಲಿ ನಮ್ಮ ದಿಬ್ಬಣ ಎರಡು ತಾಸು ತಡವಾಯಿತೆಂದು, "ಕಲ್ಯಾಣಿಯವರು ಕಲ್ಯಾಣಕ್ಕೂ ತಡಾ" ಎಂದು ಅವರು ಊರೆಲ್ಲ ಹಾಡಿದ್ದರು. ಈ ಸಲ ಹತ್ತಕ್ಕೆ ಮುಂಚೆ ಅವರ ಬಾಗಿಲಲ್ಲಿ ಮೋಟಾರಿನಿಂದ ಇಳಿಯುತ್ತೇನೆ ಎಂದು ನಾನು ಕಾಗದ ಬರೆದು ಕೂತಿದ್ದೆ.

ಹುಮನಾಬಾದಿನಿಂದ ಮಕ್ಬೂಲ್ ಉಸ್ತಾದರನ್ನು ಕರೆಸಿದೆವು. ಹೊಲಿಗೆ ಮಿಶಿನ್ನು, ಗ್ರಾಮೊಫೋನು, ಮೋಟಾರು, ತಿರುಗುವುದೆಲ್ಲ ಅವರ ಇಲಾಖೆ. ಬಿಲ್ಲೆಯ ಹಿಂದಿನಿಂದ ಹಾವಿನಂಥ ಒಂದು ಕೊಳವೆ ಬಿಚ್ಚಿ, ಅದರೊಳಗಿನ ತಂತಿಯನ್ನು ಎಳೆದು ತೋರಿಸಿದರು.

"ಏನೂ ಮುರದಿಲ್ರಿ ಬಾಯಿಸಾಬ್. ಒಂದು ತುದಿ ಎಂಜಿನ್ನಿಗಿ, ಒಂದು ತುದಿ ಗಡಿಯಾಲಕ್ಕ. ಈ ತಂತಿ ತಿರಗಿದರ ಮುಳ್ಳು ಏಳತದ. ಒಣಗಿ ಬಿಗದಾದ ಅಷ್ಟ. ಗ್ರೀಸ್ ಬೇಕು."

"ಹಾಕ್ರಿ ಮತ್ತ."

"ಗ್ರೀಸ್ ಲಡಾಯಿಗಿ ಹೋಗ್ಯಾದ್ರಿ. ಮುಂದಿನ ವಾರ ಹೈದರಾಬಾದಿಂದ ಬರತದ. ಅಲ್ಲೀತನಕ ಹಂಗೇ ಓಡಸ್ರಿ. ಮುಳ್ಳು ಇಲ್ಲಂದ್ರ ಗಾಡಿ ಏನ್ ಸಾಯಂಗಿಲ್ಲ."

ಗಾಡಿ ಸಾಯುವುದಿಲ್ಲ, ವಕೀಲಸಾಹೇಬರು ಸಾಯುತ್ತಾರೆ ಎಂದು ಅವರಿಗೆ ಹೇಗೆ ತಿಳಿಸಲಿ? ಕೊಳವೆಯನ್ನು ಹಾಗೇ ತೂಗಬಿಟ್ಟು ಉಸ್ತಾದರು ಬಸ್ಸು ಹತ್ತಿದರು.

ಆಗ ನನ್ನೊಳಗಿನ ಕಾನ್ವೆಂಟು ಎಚ್ಚರವಾಯಿತು. ಸಿಕಂದರಾಬಾದಿನಲ್ಲಿ ಸನ್ಯಾಸಿನಿಯರ ಕೈಯಲ್ಲಿ ಹತ್ತು ವರ್ಷ ಇಂಗ್ಲಿಷ್ ಕಲಿತವಳು ನಾನು. ವಕೀಲರದು ಉರ್ದು. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಬಲ್ಲವರು ಇಡೀ ಕಲ್ಯಾಣಿಯಲ್ಲಿ ಬೆರಳೆಣಿಕೆ, ಅದರಲ್ಲಿ ಬಳೆ ತೊಟ್ಟ ಬೆರಳು ನನ್ನದೊಂದೇ. ಪುಟ ತಿರುವಿದೆ. 'ಉತ್ತಮೋತ್ತಮ ಎಣ್ಣೆಯ ಕೆಲವು ಹನಿ' ಎಂದಿತ್ತು. ನಮ್ಮ ಸೀಮೆಯಲ್ಲಿ ಉತ್ತಮೋತ್ತಮ ಎಣ್ಣೆ ಯಾವುದು ಎಂದು ಕೂಸನ್ನು ಕೇಳಿದರೂ ಹೇಳುತ್ತದೆ: ಕುಸುಬಿ ಎಣ್ಣೆ.

"ಹಸೀದು ಹಾಕಬ್ಯಾಡ, ವಾಸನಿ ಬಡೀತದ," ಎಂದರು ಅತ್ತೆ. "ಕಾಸಿ ಹಾಕು."

ಕಾಸಲಿಟ್ಟೆ. ಇಟ್ಟು ಮುಂದಿನ ಪುಟ ಓದುತ್ತ ಕೂತೆ. ಪುಸ್ತಕ ರಸವತ್ತಾಗಿತ್ತು, ಸ್ಪ್ರಿಂಗುಗಳ ಆರೈಕೆಯ ಅಧ್ಯಾಯ. ನೆನಪಾಗಿ ಓಡಿದಾಗ ಪಾತ್ರೆಯಲ್ಲಿ ಎಣ್ಣೆ ಜೇನಿನಂತೆ ಗಟ್ಟಿಯಾಗಿ, ಕೆಂಪಗೆ ಹೊಳೆಯುತ್ತ ಕುಳಿತಿದೆ.

"ಹೋತು ಎಣ್ಣಿ," ಎಂದರು ಅತ್ತೆ.

"ಹೋಗಿಲ್ರಿ ಅತ್ತಿ. ಗ್ರೀಸ್ ಆಗ್ಯಾದ."

ಸರಕಾರ ಲಡಾಯಿಗೆ ಕಳಿಸಿದ್ದನ್ನು ನಾನು ಒಲೆಯ ಮೇಲೆ ತಯಾರಿಸಿದ್ದೆ. ಮಗುವಿಗೆ ಗುಟ್ಟಿ ಔಷಧಿ ಕುಡಿಸುವ ಬೆಳ್ಳಿ ಒಳಲೆಯಿಂದ ಕೊಳವೆಗೆ ಎರೆದೆ. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಬಿಲ್ಲೆಯ ಹೊಟ್ಟೆಗೂ ಎರೆದೆ. (ಕೆಲವು ಹನಿ ಎಂದವರು ಯಾರೋ ಜಿಪುಣ ದೊರೆಗಳು, ನಮ್ಮ ಮನೆಯಲ್ಲಿ ಬಡಿಸುವ ಪದ್ಧತಿ ಬೇರೆ.) ಬಿಲ್ಲೆಯನ್ನು ಮತ್ತೆ ಕೂರಿಸಿ ಅದರ ತಿರುಪು ನನ್ನ ಬೆರಳಿಗೆ ಬಂದಷ್ಟು ಬಿಗಿದೆ. ಎಂಜಿನ್ನು ಹಚ್ಚಿದರೆ ಮುಳ್ಳು ಎದ್ದಿತು, ಬಳುಕಿತು, ಎಂಟರಿಂದ ಹನ್ನೆರಡಕ್ಕೆ ಹೋಗಿ ಬಂತು.

ವಕೀಲರು ಡಿಕ್ರಿ ಆದವರ ಹಾಗೆ ನಕ್ಕರು. "ನೀ ಓದಿದ್ದು ಸಾರ್ಥಕ ಆತು ಕಮಳಾ."

ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಬಂದ ಮೊದಲ ಹೊಗಳಿಕೆ. ಮೂರು ದಿನ ಗಾಡಿ ಅಂಗಳದ ಬಿಸಿಲಲ್ಲಿ ನಿಂತಿತು, ನಾನು ಆ ಮಾತಿನ ನೆರಳಲ್ಲಿ ನಿಂತೆ.

ಶುಕ್ರವಾರ ಅತ್ತೆ ಮೋಟಾರು ಹತ್ತಲು ಒಪ್ಪದೆ ನಸುಕಿನಲ್ಲೇ ಬಂಡಿ ಹೂಡಿಸಿಕೊಂಡು ಹೊರಟರು. "ಬುಟ್ಟಿ ಬಂಡ್ಯಾಗ ಇಡು" ಎಂದರು. ಕುಬಸದ ಬುಟ್ಟಿ ಮೋಟಾರಿನಲ್ಲೇ ಬರಬೇಕೆಂದು ನಾನು ಹಟ ಹಿಡಿದೆ. ಎಂಟಕ್ಕೆ ನಾವು ಹೊರಟೆವು. ಹನ್ನೆರಡನೇ ಮೈಲಿಗೆ ಅತ್ತೆಯ ಬಂಡಿ ಸಿಕ್ಕಿತು. ಪೋಂ ಎಂದು ಊದಿ, ಧೂಳೆಬ್ಬಿಸಿ, ದಾಟಿ ಹೋದೆವು. ನಾನು ಹಿಂದಿರುಗಿ ಕೈ ಬೀಸಿದ್ದೂ ಉಂಟು.

ಮುಂದೆ ಒಂದು ಸಣ್ಣ ಏರು. ಎಂಜಿನ್ನು ಏದುಸಿರುಬಿಟ್ಟು ಹತ್ತಿತು. ಮುಳ್ಳು ಇಪ್ಪತ್ತಕ್ಕೆ ಹಾರಿತು. ಏರು ಮುಗಿಯಿತು, ಮುಳ್ಳು ಇಳಿಯಲಿಲ್ಲ.

"ಇಪ್ಪತ್ತು," ಎಂದರು ಇವರು, ಬಿಳುಚಿಕೊಂಡು. ಕಾಲು ಸಡಿಲಿಸಿದರು. ಇಪ್ಪತ್ತು. ಇನ್ನೂ ಸಡಿಲಿಸಿದರು. ಇಪ್ಪತ್ತು. ಒಂದು ಎಮ್ಮೆ ನಮ್ಮನ್ನು ದಾಟಿತು. ಕಟ್ಟಿಗೆ ಹೊರೆ ಹೊತ್ತ ಮುದುಕಿ ಪಕ್ಕಕ್ಕೆ ಬಂದು, ಒಳಗೆ ಬಗ್ಗಿ ನೋಡಿ, ಮುಂದೆ ಹೋದಳು. ಕೊನೆಗೆ ಎಂಜಿನ್ನೇ ಬಂದ್ ಮಾಡಿದರು. ಇಪ್ಪತ್ತು.

"ಬಂದ್ ಆದ ಮ್ಯಾಲೂ ತಿರಗಾಕತ್ತದ."

"ಸಪ್ಪಳ ಇಲ್ಲಲ್ರಿ?"

"ಅದಾ ಅಂಜಿಕಿ. ಸಪ್ಪಳಿಲ್ಲದ ತಿರಗೂದು ಭಾಳ ಕೆಟ್ಟದ್ದು."

ನನ್ನ ರಟ್ಟೆ ಹಿಡಿದು ದೂರದ ಬೇವಿನ ಮರದ ಕೆಳಗೆ ಎಳೆದೊಯ್ದರು. ಗಾಡಿ ಒಡೆಯುವುದನ್ನು ಕಾಯುತ್ತ ಇಬ್ಬರೂ ನಿಂತೆವು. ಗಾಡಿ ಒಡೆಯಲಿಲ್ಲ, ಹಿಂದಿನಿಂದ ಗೆಜ್ಜೆ ಸದ್ದು ಮಾತ್ರ ಬಂತು.

"ಏನವಾ," ಎಂದರು ಅತ್ತೆ ಬಂಡಿಯಿಂದಲೇ, "ಮೋಟಾರು ಮೇಯಾಕ ಬಿಟ್ಟೀರೇನು?"

"ಸ್ವಲ್ಪ ಆರಾಕ ಬಿಟ್ಟೀವ್ರಿ ಅತ್ತಿ."

"ಬುಟ್ಟಿ ತಗೊಂಡು ಹತ್ತು. ಜಾಗಾ ಅದಾ."

ಹತ್ತಬೇಕಿತ್ತು. ಆದರೆ ಸರುಬಾಯಿಗೆ ಬರೆದ ಕಾಗದ ಕಣ್ಣ ಮುಂದೆ ಬಂತು. "ನೀವು ನಡೀರಿ, ನಿಮಗಿಂತ ಮುಂಚೆ ಇರತೇವಿ," ಎಂದೆ. ಅತ್ತೆ ಕೈ ಬೀಸಿದರು. ನಾನು ಕಲಿಸಿದ್ದು.

ಹತ್ತಾಗುತ್ತ ಬಂತು. ರಸ್ತೆಗೆ ಬಂದು ಎರಡೂ ಕಡೆ ಇಣುಕಿ ನೋಡಿದೆ. ಅಷ್ಟು ಹೊತ್ತಿಗೆ ಬಾವಿ ನೀರೆತ್ತುವ ತೊಗಲಿನ ಮೋಟ ಹೊತ್ತುಕೊಂಡು ಒಬ್ಬ ಹಿರಿಯ ಬಂದ. ಹೆಸರು ಭೀಮಶಾ, ಮೋಟ ಹೊಲಿಯುವ ಕೆಲಸ. ನಮ್ಮ ಕಥೆ ಕೇಳಿ ಗಾಡಿಯೊಳಗೆ ತಲೆ ಹಾಕಿ, ಮೂಗು ಅರಳಿಸಿದ. ಬಿಲ್ಲೆಯ ಅಂಚಿನಲ್ಲಿ ಜಿನುಗಿದ್ದನ್ನು ಬೆರಳಿಗೆ ಅಂಟಿಸಿ ನೋಡಿದ.

"ಅಕ್ಕಾರ, ಇದಕ್ಕ ಕುಸುಬಿ ಎಣ್ಣಿ ಕಾಸಿ ಹಾಕೀರೇನ್ರಿ?"

"ಯಾಕಣ್ಣಾ?"

"ಇದು ರೋಗನ್ ಅಲ್ಲೇನ್ರಿ," ಎಂದು ತನ್ನ ಮೋಟವನ್ನು ತಿರುಗಿಸಿ ತೋರಿಸಿದ. ಅದೇ ಕೆಂಪು, ಅದೇ ಹೊಳಪು. "ನಾವು ತೊಗಲಿಗಿ ಬಳೀತೇವಿ. ಬಿಸಲಿಗಿ ಇಟ್ಟರ ಕಲ್ಲಾಗತದ. ಮ್ಯಾಲ ಇನ್ನಾ ಅಂಟಂಟು ಅದಾ, ಒಳಗ ಮುಳ್ಳು ಕುಂತ್ಬಿಟ್ಟದ. ಇನ್ನ ಹನಿ ನೀರ ಸೋರಂಗಿಲ್ಲ ನೋಡ್ರಿ ನಿಮ್ಮ ಗಡಿಯಾಲ."

ಅಂತೂ ರೋಗಕ್ಕೆ ನಾನು ರೋಗನ್ ಹಾಕಿದ್ದೆ. ಹೊಲದ ಹತ್ತಿರ ಸುಳಿದವರಿಗೆಲ್ಲ ಗೊತ್ತಿದ್ದ ವಿದ್ಯೆ, ಸನ್ಯಾಸಿನಿಯರು ಕಲಿಸಿರಲಿಲ್ಲ.

ವಕೀಲರು ಪಾಟೀಸವಾಲು ಶುರುಮಾಡಿದರು. "ನೀ ಮೋಟಾರು ರಿಪೇರಿ ಮಾಡ್ತೀಯೇನು?"

"ಇಲ್ರಿ ಸಾಹೇಬ್ರ. ಮೋಟ ಹೊಲೀತೇನಿ."

"ಮತ್ತ ಮೋಟಾರಿನ ಸುದ್ದಿ ನಿನಗ ಹ್ಯಾಂಗ ಗೊತ್ತು?"

"ಗೊತ್ತಿಲ್ರಿ. ನನ್ನ ಮೋಟ ನಡದಾದ, ನಿಮ್ಮ ಮೋಟಾರು ನಿಂತದ. ಅಷ್ಟ ಗೊತ್ತು."

ಇಷ್ಟಾದರೂ ಇವರು ಜಪ್ಪಯ್ಯ ಅನ್ನಲಿಲ್ಲ. "ಮುಳ್ಳು ಅಂಟಿದ್ದು ಖರೆ ಇರಬಹುದು. ಆದರ ಕಣ್ಣ ಮುಂದ ಇಪ್ಪತ್ತು ಅಂತ ಪುರಾವೆ ಇದ್ದಾಗ ನಾ ಹ್ಯಾಂಗ ನಡಸಲಿ?"

"ಪುರಾವೆ ಮುಚ್ಚಿಬಿಡೂಣು. ನಿಮಗೇನು ಹೊಸಾದೇನು?"

ನನ್ನ ಕರವಸ್ತ್ರ ಬಿಲ್ಲೆಯ ಅರ್ಧಕ್ಕೂ ಸಾಲಲಿಲ್ಲ. ಬುಟ್ಟಿಗೆ ಕೈ ಹಾಕಿದಾಗ ಮೇಲೇ ಇದ್ದದ್ದು ಹಸಿರು ಕುಬಸದ ಖಣ. ಅದನ್ನೇ ಬಿಲ್ಲೆಗೆ ಮುಸುಕು ಹಾಕಿ, ಅಂಚಿಗೆ ಒತ್ತಿ, ಹಿಂದೆ ಗಂಟು ಹಾಕಿದೆ.

ಮುಳ್ಳು ಕಾಣದೆ ಹೋದದ್ದೇ ತಡ, ಇವರಿಗೆ ನೋಡಲು ರಸ್ತೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಎಷ್ಟು ಒತ್ತಿದರೆ ಎಷ್ಟು ಎಂದು ಗೊತ್ತಿಲ್ಲದೆ ಪೂರ್ತಿ ಒತ್ತಿದರು. ಗಾಡಿಗೆ ತನ್ನ ನವಾಬಿ ದಿನಗಳು ನೆನಪಾದವು. ಅತ್ತೆಯ ಬಂಡಿ ಎದುರಿಗೆ ಬಂದದ್ದು ಕಂಡೆ, ಹಿಂದೆ ಹೋದದ್ದು ಕಾಣಲಿಲ್ಲ. ಹುಮನಾಬಾದಿನ ಧಾನ್ಯದ ಅಡತಿ ಅಂಗಡಿಗಳ ಮುಂದೆ ಜೋಳ ತೂಗುತ್ತಿದ್ದವರು ತಕ್ಕಡಿ ಬಿಟ್ಟು ಗೋಡೆ ಹತ್ತಿದರು. ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಸರುಬಾಯಿಯವರ ಬಾಗಿಲಲ್ಲಿ ಗಾಡಿ ನಿಂತಿತು.

"ಬಂದ್ರಿ?" ಎಂದರು ಸರುಬಾಯಿ ಆರತಿ ತಟ್ಟೆ ಹಿಡಿದು. "ಐದು ನಿಮಿಷ ಅದಾ. ನೀವು ಬರೂತನಕ ರಾಹು ಏನ್ ಕಾಯಂಗಿಲ್ಲ. ಖಣ ಎಲ್ಲಿ?"

ಗಾಡಿಯೊಳಗೆ ಬಗ್ಗಿ ಖಣ ಎಳೆದೆ. ಬರಲಿಲ್ಲ. ಒಳಗಿನ ಎಣ್ಣೆ ಎಂಜಿನ್ನಿನ ಕಾವಿಗೆ ಜಿನುಗಿ ಖಣವನ್ನು ಬಿಲ್ಲೆಗೆ ಬೆಸೆದುಬಿಟ್ಟಿತ್ತು. ಕಾಲು ಕೊಟ್ಟು ಜಗ್ಗಿದೆ. ನಾನೇ ಬಿಗಿದ ತಿರುಪು ತಾನೆ, ಖಣದ ಜೊತೆ ಗಡಿಯಾಲವೂ ಕಿತ್ತು ಕೈಗೆ ಬಂತು. ಬಿಡಿಸುವಷ್ಟು ಹೊತ್ತಿಲ್ಲ. ಸೀರೆ, ಬಳೆ, ಐದು ಹಣ್ಣು, ಕೊಬ್ಬರಿ, ಮೇಲೆ ಖಣದಲ್ಲಿ ಸುತ್ತಿದ ಟ್ಯಾಕೋಮೀಟರು, ಎಲ್ಲವನ್ನೂ ಮಣೆಯ ಮೇಲೆ ಕೂತ ಮಗಳ ಉಡಿಗೆ ಹಾಕಿದೆ.

"ಅವ್ವಾ, ಭಾಳ ವಜ್ಜಿ ಅದಾ," ಎಂದಳು ದ್ರೌಪತಿ ಮೆಲ್ಲಗೆ.

"ತವರಿನ ಉಡಿ ವಜ್ಜಿನೇ ಇರಬೇಕು, ಸುಮ್ಮನ ಕೂಡು."

ಮುತ್ತೈದೆಯರು ಬಗ್ಗಿದರು. ಸರುಬಾಯಿ ಖಣದ ತುದಿ ಸರಿಸಿದರು. ಗಾಜು ಫಳಫಳ ಹೊಳೆಯಿತು.

"ಇದೇನ್ರಿ?"

ನನ್ನ ಮಾನ ನಾಲಿಗೆಯ ತುದಿಗೆ ಬಂದಿತ್ತು. "ಗಡಿಯಾಲ್ರಿ. ಇಂಗ್ಲಿಷ್ ಗಡಿಯಾಲ."

"ಒಂದಾ ಮುಳ್ಳು?"

"ಓದಿದವರಿಗಿ ಒಂದಾ ಸಾಕ್ರಿ."

ಬಾಗಿಲಲ್ಲಿ ನಿಂತಿದ್ದ ವಕೀಲರು ಬಾಯಿ ತೆರೆದರು. ಉಡಿಗೆ ಬಿದ್ದದ್ದನ್ನು ತಿರುಗಿ ಕೇಳಿದರೆ ಮಗಳಿಗೆ ಒಳ್ಳೆಯದಲ್ಲ ಎಂದು ಅವರಿಗೂ ಗೊತ್ತು. ಬಾಯಿ ಮುಚ್ಚಿದರು. ಅಳಿಯ ನರಸಿಂಗನಿಗೆ ಅದೇನೆಂದು ಖಂಡಿತ ತಿಳಿಯಿತು, ಆದರೆ ಪುಣ್ಯಾತ್ಮ ಗೋಡೆ ನೋಡುತ್ತ ನಿಂತ.

ಆಮೇಲೆ ಬಂಡಿಯಲ್ಲಿ ಬಂದಿಳಿದ ನಮ್ಮ ಅತ್ತೆ ಆ ಸಂಜೆ ನನ್ನನ್ನೂ, ಮುಳ್ಳಿಲ್ಲದ ಗಾಡಿ ಮುಟ್ಟಲೊಲ್ಲದ ಮಗನನ್ನೂ ಅದೇ ಬಂಡಿಯಲ್ಲಿ ಕರೆದುಕೊಂಡು ಹೋದರು. (ಖಾಲಿ ಬುಟ್ಟಿಯನ್ನು ಈ ಸಲ ತಾವೇ ಎತ್ತಿ ಬಂಡಿಯಲ್ಲಿಟ್ಟರು.)

ಆ ಬಿಲ್ಲೆ ಈಗ ಸರುಬಾಯಿಯವರ ಪಡಸಾಲೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ತೋರಿಸುತ್ತಾರೆ: "ನಮ್ಮ ಬೀಗಿತಿ ಕೊಟ್ಟದ್ದು. ಆಕಿ ಕಾನ್ವೆಂಟ್ ಕಲತಾಕಿ, ಆಕಿಗಿ ಮಾತ್ರ ಓದಾಕ ಬರತದ." ನಾನು ಹೋದಾಗಲೆಲ್ಲ ನೆರೆಹೊರೆಯವರನ್ನು ಕರೆಸಿ, "ಎಷ್ಟಾತು ಹೇಳ್ರಿ" ಎಂದು ನಿಲ್ಲಿಸುತ್ತಾರೆ. ನಾನು ಕಿಟಕಿಯಾಚೆ ಬಿಸಿಲು ನೋಡಿ, ಇಪ್ಪತ್ತರ ಮೇಲೆ ನಿಂತ ಮುಳ್ಳಿಗೆ ಬೆರಳು ತೋರಿಸಿ ಏನೋ ಒಂದು ಹೇಳುತ್ತೇನೆ.

ಮೊನ್ನೆ ಮೊಮ್ಮಗನನ್ನು ನೋಡಲು ಹೋಗಿದ್ದೆ. ಮೋಡ ಕವಿದಿತ್ತು. ಬಸ್ಸಿನಲ್ಲಿ ಕುಲುಕಿ ಹೊಟ್ಟೆ ಚುರುಗುಟ್ಟುತ್ತಿತ್ತು, ಅಡುಗೆಮನೆಯಿಂದ ಬದನೆಕಾಯಿ ಎಣ್ಣೆಗಾಯಿಯ ಘಮ ಬರುತ್ತಿತ್ತು. "ಎಷ್ಟಾತು?" ಎಂದರು ಸರುಬಾಯಿ. ಅಂದಾಜಿನ ಮೇಲೆ "ಹನ್ನೊಂದೂಕಾಲು" ಎಂದೆ. ಅವರು ಎದ್ದು, ಒಂದು ಗಂಟೆ ತೋರಿಸುತ್ತಿದ್ದ ತಮ್ಮ ಮನೆಯ ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುವಿ ಹನ್ನೊಂದೂಕಾಲಿಗೆ ಇಟ್ಟರು. ಒಳಗೆ ಹಾಸುತ್ತಿದ್ದ ಊಟದ ಎಲೆಗಳನ್ನು ಎತ್ತಿಸಿದರು.

"ನಮ್ಮ ಮನ್ಯಾಗ ಒಂದಕ್ಕ ಮುಂಚೆ ಎಲಿ ಹಾಕೂ ರೂಢಿ ಇಲ್ರಿ," ಎಂದರು. "ಇನ್ನಾ ಭಾಳ ಹೊತ್ತು ಅದಾ. ಕೂಡ್ರಿ, ಮಾತಾಡೂಣು."