ನನ್ನ ಕಿವಿ, ನನ್ನ ಟೇಪ್ ರೆಕಾರ್ಡರ್

ನನಗೆ ಸಂಗೀತ ಬರುವುದಿಲ್ಲ. ಆದರೆ ಸಂಗೀತದ ಬಗ್ಗೆ ಅಭಿಪ್ರಾಯ ಬರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಾದರೂ ಇದೆಯೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಅಡುಗೆ ಬಾರದವನು ಸಾರಿಗೆ ಉಪ್ಪು ಕಮ್ಮಿ ಎನ್ನಬಹುದು, ಹೊಲಿಗೆ ಬಾರದವನು ಅಂಗಿಯ ತೋಳು ಬಿಗಿ ಎನ್ನಬಹುದು, ಹಾಡು ಬಾರದವನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ತಲೆದೂಗಬೇಕು ಎನ್ನುವುದು ಯಾವ ಊರಿನ ನ್ಯಾಯ? ಚಿಕ್ಕಂದಿನಲ್ಲಿ ತುಮಕೂರಿನಲ್ಲಿ ನನ್ನನ್ನು ಸಂಗೀತ ಪಾಠಕ್ಕೆ ಸೇರಿಸಿದ್ದರು. ಮೇಷ್ಟ್ರು ಕೆಲವು ವಾರ ಸಹಿಸಿಕೊಂಡು, ಕೊನೆಗೆ ನಮ್ಮಪ್ಪನನ್ನು ಕರೆಸಿ, "ಸ್ವಾಮಿ, ನಿಮ್ಮ ಹುಡುಗನಿಗೆ ಗಂಟಲಿಲ್ಲ. ಕಿವಿ ಇದೆಯೋ ಏನೋ, ಅದನ್ನು ಮನೆಯಲ್ಲೇ ಬೆಳೆಸಿಕೊಳ್ಳಿ" ಎಂದರು. ಅಪ್ಪ ಅದನ್ನು ಅವಮಾನ ಎಂದುಕೊಂಡರು. ನಾನು ಸರ್ಟಿಫಿಕೇಟ್ ಎಂದುಕೊಂಡೆ. ಅಂದಿನಿಂದ ನನ್ನ ಕಿವಿಯನ್ನು ಯಾರ ಮುಂದೆಯೂ ಬಗ್ಗಿಸಿದವನಲ್ಲ.

ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿದಾಗ ಈ ಕಿವಿಯೂ ಜೊತೆಗೇ ಬಂತು. ಭವಾನಿಪುರಂನಲ್ಲಿ ಮನೆ ಮಾಡಿದೆವು. ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿತ್ತು. ಕ್ಯಾಸೆಟ್ ಅಂಗಡಿಗಳೆಲ್ಲ ಒಂದೊಂದಾಗಿ ಮೊಬೈಲ್ ಅಂಗಡಿಗಳಾಗುತ್ತಿದ್ದ ಕಾಲ. ಅಂಥ ಕಾಲದಲ್ಲೂ ನಮ್ಮ ಬಡಾವಣೆಯಲ್ಲಿ ಒಂದು ಶ್ರವಣ ಗೋಷ್ಠಿ ಜೀವಂತವಾಗಿತ್ತು. ತಿಂಗಳಿಗೆರಡು ಭಾನುವಾರ ಬೆಳಿಗ್ಗೆ ಒಬ್ಬರ ಮನೆಯಲ್ಲಿ ಸೇರುವುದು, ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ತುಟಿಪಿಟಿಕ್ಕೆನ್ನದೆ ಕೇಳುವುದು, ಆಮೇಲೆ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳುವುದು. ಸದಸ್ಯರಲ್ಲಿ ಅರ್ಧ ತೆಲುಗರು, ಅರ್ಧ ನಮ್ಮಂಥ ವರ್ಗಾವಣೆಯ ಕನ್ನಡಿಗರು. ಅಧ್ಯಕ್ಷರು ಸೂರ್ಯನಾರಾಯಣಗಾರು. ಹಳೇ ಪೇಟೆಯಾದ ಒನ್ ಟೌನ್‌ನಲ್ಲಿ ಸ್ಟೀಲ್ ಪಾತ್ರೆಯ ಸಗಟು ವ್ಯಾಪಾರ. ಬಳ್ಳಾರಿಯ ವ್ಯಾಪಾರಿಗಳ ಜೊತೆ ಏಗಿ ಏಗಿ ಕನ್ನಡ ಕಲಿತವರು. ಪಾತ್ರೆಯನ್ನು ಬೆರಳಲ್ಲಿ ತಟ್ಟಿ ಗುಣ ಹೇಳುವ ಹಾಗೆ ಹಾಡನ್ನೂ ಹೇಳಬಲ್ಲೆ ಎಂಬ ನಂಬಿಕೆ ಅವರದು.

ಗೋಷ್ಠಿಯಲ್ಲಿ ಒಂದು ಪದ್ಧತಿ ಇತ್ತು. ಹಾಡು ಮುಗಿದ ತಕ್ಷಣ ತಿಂಡಿ. ತಿಂಡಿ ಆದ ಮೇಲೆ ಅಭಿಪ್ರಾಯ. ಮೇಲ್ನೋಟಕ್ಕೆ ಇದರಲ್ಲಿ ದೋಷ ಕಾಣುವುದಿಲ್ಲ. ಆದರೆ ಯೋಚಿಸಿ ನೋಡಿ. ಮನೆಯಾಕೆ ಹೆಸರುಕಾಳಿನ ಬಿಸಿಬಿಸಿ ದೋಸೆ ಪೆಸರಟ್ಟು, ಅದರೊಳಗೆ ಉಪ್ಪಿಟ್ಟು, ಪಕ್ಕದಲ್ಲಿ ಶುಂಠಿ ಚಟ್ನಿ ಬಡಿಸಿ, "ಇನ್ನೊಂದು ಹಾಕಿಸಿಕೊಳ್ಳಿ ಅಣ್ಣಯ್ಯಾ" ಎಂದು ಬಲವಂತ ಮಾಡಿರುತ್ತಾಳೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಗಂಡ ಆರಿಸಿದ ಆಲ್ಬಮ್ ಕೆಟ್ಟದಾಗಿದೆ ಎನ್ನಲು ಯಾವ ನಾಲಿಗೆ ಹೊರಳುತ್ತದೆ? ಉಂಡ ಮನೆಯ ಜಂತೆ ಎಣಿಸುವವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಗೋಷ್ಠಿಯ ಚರಿತ್ರೆಯಲ್ಲಿ ಒಂದೇ ಒಂದು ಆಲ್ಬಮ್ ಕೂಡ ಫೇಲಾಗಿರಲಿಲ್ಲ. ಅಭಿಪ್ರಾಯ ಮೊದಲಾಗಲಿ, ತಿಂಡಿ ಆಮೇಲೆ ಕೊಡಿ ಎಂದು ನಾನು ಸೇರಿದ ಹೊಸದರಲ್ಲೇ ಸೂಚಿಸಿದೆ. ನನ್ನ ಬ್ಯಾಂಕಿನವರೇ ಆದ ಧಾರವಾಡದ ಕುಲಕರ್ಣಿ, "ಏನ್ರೀ ಮೂರ್ತಿ, ಅಷ್ಟೊತ್ತನಕ ದ್ವಾಶಿ ಆರಂಗಿಲ್ಲೇನು?" ಎಂದು ಕೇಳಿದ್ದೇ ನನ್ನ ಸೂಚನೆ ಬಿದ್ದುಹೋಯಿತು.

ಜಗಳ ಹುಟ್ಟಿದ್ದು ಅಧ್ಯಕ್ಷರ ಮನೆಯಲ್ಲಿ. ಅವತ್ತು ಅವರು ಹಾಕಿದ್ದು ಒಬ್ಬ ಗಾಯಕಿ ಹಾಡಿದ ದೇವರನಾಮಗಳ ಕ್ಯಾಸೆಟ್ಟು. ಆಕೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅಭಿಮಾನಿಗಳು ಮನೆ ಹುಡುಕಿಕೊಂಡು ಬಂದಾರು. ಕ್ಯಾಸೆಟ್ಟಿನ ಹೊದಿಕೆ ಕಂಡೊಡನೆ ನನಗೆ ಸ್ವಂತ ತಂಗಿಯನ್ನು ಪರವೂರಿನಲ್ಲಿ ಕಂಡಷ್ಟು ಹಿಗ್ಗಾಯಿತು. ಏಕೆಂದರೆ ಅದೇ ಕ್ಯಾಸೆಟ್ಟು ನನ್ನಲ್ಲೂ ಇತ್ತು. ಮದುವೆಯಾದ ವರ್ಷ ಕೊಂಡದ್ದು. ಊರಿಂದೂರಿಗೆ ವರ್ಗವಾದಾಗೆಲ್ಲ ದೇವರ ಪಟದ ಜೊತೆ ಅದೂ ಅದನ್ನು ನುಡಿಸುವ ಟೇಪ್ ರೆಕಾರ್ಡರೂ ನಮ್ಮ ತೊಡೆಯ ಮೇಲೇ ಪ್ರಯಾಣ ಮಾಡಿದ್ದವು. ಒಂದೊಂದು ಸಾಲನ್ನೂ ಆಕೆ ಬಿಡಿಸಿ ಬಿಡಿಸಿ, ದೇವರಿಗೂ ಆತುರವಿಲ್ಲ ತನಗೂ ಆತುರವಿಲ್ಲ ಎನ್ನುವಂತೆ ಹಾಡುವುದನ್ನು ಕೇಳಿಯೇ ನಾನು ಎಷ್ಟೋ ಕೆಟ್ಟ ಮ್ಯಾನೇಜರುಗಳನ್ನು ಸಹಿಸಿದ್ದೆ. ಕಣ್ಣು ಮುಚ್ಚಿ ಕುಳಿತೆ. ಹಾಡು ಶುರುವಾಯಿತು. ಕಣ್ಣು ಬಿಟ್ಟೆ. ಆಕೆ ಬಸ್ಸು ಹಿಡಿಯುವವಳ ಹಾಗೆ ಓಡುತ್ತಿದ್ದಳು. ದನಿ ಸಣ್ಣಗಾಗಿತ್ತು. ಮೃದಂಗದವನು ಹಿಂದೆ ಬಿದ್ದು ಅಟ್ಟಿಸಿಕೊಂಡು ಬರುತ್ತಿದ್ದ.

ತಿಂಡಿಯಾದ ಮೇಲೆ ಎಲ್ಲರೂ ಹೊಗಳಿದರು. ಎಂಥ ಚುರುಕು, ಎಂಥ ಲವಲವಿಕೆ ಎಂದರು. ನನ್ನ ಸರದಿ ಬಂದಾಗ, "ಗಾಯಕಿಯ ತಪ್ಪಿಲ್ಲ. ಈ ಟೇಪ್ ರೆಕಾರ್ಡರ್ ಜೋರಾಗಿ ತಿರುಗುತ್ತಿದೆ. ರಿಪೇರಿ ಮಾಡಿಸಿ" ಎಂದುಬಿಟ್ಟೆ.

ಆ ಸೆಟ್ಟು ಸೂರ್ಯನಾರಾಯಣಗಾರಿಗೆ ಮಗನ ಸಮಾನ. ವಿಶಾಖಪಟ್ಟಣ ಬಂದರಿನಲ್ಲಿ ಇಳಿದದ್ದನ್ನು ಸ್ವತಃ ಹೋಗಿ ಬಿಡಿಸಿಕೊಂಡು, ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದರಂತೆ.

"ಅಲ್ಲಂಡಿ ಮೂರ್ತಿಗಾರೂ," ಎಂದರು ಅವರು, ದನಿ ಎತ್ತದೆ. "ಇದು ಹಡಗಲ್ಲಿ ಬಂದ ಸೆಟ್ಟು. ನಿಮ್ಮದು?"

"ತುಮಕೂರಿಂದ ಬಸ್ಸಲ್ಲಿ ಬಂದದ್ದು," ಎಂದೆ. "ಸೆಟ್ಟು ಯಾವುದರಲ್ಲಿ ಬಂತು ಅನ್ನೋದು ಮುಖ್ಯ ಅಲ್ಲ. ಹಾಡು ಹೇಗೆ ಬರುತ್ತೆ ಅನ್ನೋದು ಮುಖ್ಯ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಒಂದು ಪಂಥವಾಯಿತು. ಆ ಆಲ್ಬಮ್ ಆಗ ಸಿ.ಡಿ.ಯಾಗಿಯೂ ಬಂದಿತ್ತು. ಸಿ.ಡಿ.ಗೆ ಓಡುವ ಚಟವೂ ಇಲ್ಲ, ತೆವಳುವ ಚಟವೂ ಇಲ್ಲ ಎಂದು ಎಲ್ಲರೂ ಒಪ್ಪಿದರು. ಬ್ಯಾಂಕಿನ ಕೆಲಸದ ಮೇಲೆ ನಾನು ವಿಶಾಖಪಟ್ಟಣಕ್ಕೆ ಹೋಗುವುದಿತ್ತು. ಬಂದರಿನ ಕಚೇರಿಯಲ್ಲಿದ್ದ ಕಾರವಾರದ ನಾಯಕರ ಹತ್ತಿರ ಆ ಸಿ.ಡಿ. ಇತ್ತು. ಅಲ್ಲಿ ಕೇಳಿ ಬಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ನಾನು ಗೆದ್ದರೆ ಹಡಗಿನ ಸೆಟ್ಟಿಗೆ ರಿಪೇರಿ. ಸೋತರೆ ನಾನು ಗೋಷ್ಠಿಗೆ ಬರಬಹುದು, ಕೇಳಬಹುದು, ತಿನ್ನಬಹುದು. ಅಭಿಪ್ರಾಯ ಮಾತ್ರ ಇನ್ನು ಮುಂದೆ ಹೇಳುವಂತಿಲ್ಲ. ನನ್ನಂಥವನಿಗೆ ಇದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಫೀಸಿನಲ್ಲಿ ಮ್ಯಾನೇಜರು ಮಾತಾಡುತ್ತಾರೆ, ಮನೆಯಲ್ಲಿ ಹೆಂಡತಿ ಸುಮಿತ್ರಾ ಮಾತಾಡುತ್ತಾಳೆ, ಮಗಳಂತೂ ತೆಲುಗಿನಲ್ಲಿ ಎಷ್ಟು ಬೇಗ ಮಾತಾಡುತ್ತಾಳೆಂದರೆ ಅಪ್ಪಾ ಎನ್ನುವ ಬದಲು "ನಾನ್ನಾ" ಎಂದದ್ದರ ಹೊರತು ನನಗೆ ಏನೂ ತಿಳಿಯುವುದಿಲ್ಲ. ಜಗತ್ತಿನಲ್ಲಿ ನಾನು ಬಾಯಿ ಬಿಟ್ಟರೆ ಹತ್ತು ಜನ ಸುಮ್ಮನೆ ಕೂತು ಕೇಳುವ ಜಾಗ ಅದೊಂದೇ ಇತ್ತು.

ನಾಯಕರು ದೊಡ್ಡ ಮನುಷ್ಯ. ಮೀನಿನ ಊಟದ ಮನೆಯಲ್ಲಿ ನನಗೆಂದು ಬೇರೆ ಪಾತ್ರೆಯಲ್ಲಿ ಬೇಳೆಸಾರು ಮಾಡಿಸಿದ್ದರು. ಊಟಕ್ಕೆ ಮೊದಲೇ ಸಿ.ಡಿ. ಹಾಕಿಸಿದೆ. ಹೊಟ್ಟೆ ತುಂಬಿದ ಮೇಲೆ ಕೇಳುವ ತಪ್ಪನ್ನು ನಾನು ಮಾಡುವವನಲ್ಲ. ಹಾಡು ಬಂತು. ಅದೇ ಬಸ್ಸು, ಅದೇ ಓಟ, ಅದೇ ಅಟ್ಟಿಸಿಕೊಂಡು ಬರುವ ಮೃದಂಗ. "ಇನ್ನೊಂದು ಸಲ ಹಾಕಿ" ಎಂದೆ. ಹಾಕಿದರು. ಬದಲಾಗಲಿಲ್ಲ. "ನಿಮ್ಮ ಮನೇಲಿ ಕರೆಂಟು ಜಾಸ್ತಿ ಬರ್ತದಾ?" ಎಂದು ಕೇಳಿದೆ. ನಾಯಕರು ನನ್ನನ್ನು ಕರುಣೆಯಿಂದ ನೋಡಿ, "ಮೂರ್ತಿ, ನಿಮ್ಮನೆ ಟೇಪಿನ ಬೆಲ್ಟ್ ಸಡಿಲ ಆಗಿರ್ಬೇಕು ಮಾರಾಯ್ರೆ. ವರ್ಷಗಟ್ಲೆ ನೀವು ನಿಧಾನವಾಗಿ ಕೇಳ್ತಾ ಇದ್ದೀರಿ" ಎಂದರು.

ವಾಪಸ್ಸು ಬರುವ ರೈಲಿನಲ್ಲಿ ನನಗೆ ನಿಜವಾಗಿ ದುಃಖವಾಯಿತು. ನಾನು ಇಷ್ಟು ವರ್ಷ ಪ್ರೀತಿಸಿದ ಆ ಗಾಯಕಿ ಹುಟ್ಟೇ ಇರಲಿಲ್ಲ. ಒಂದು ಸವೆದ ರಬ್ಬರ್ ಬೆಲ್ಟು ಹಾಡುತ್ತಿತ್ತು, ನಾನು ಕಣ್ಣೀರು ಹಾಕುತ್ತಿದ್ದೆ. ರಾಜಮಂಡ್ರಿಯ ಹತ್ತಿರ ಗೋದಾವರಿ ದಾಟುವ ಹೊತ್ತಿಗೆ ದುಃಖ ಇಳಿದು ಸಿಟ್ಟು ಏರಿತು. ಆಕೆ ಹಾಗೆ ಹಾಡಿರಲಿಲ್ಲ ನಿಜ. ಆದರೆ ಹಾಡಬೇಕಾಗಿತ್ತು! ತಪ್ಪು ನನ್ನ ಬೆಲ್ಟಿನದೆಂದು ಯಾಕೆ ಒಪ್ಪಬೇಕು? ಅವಸರ ಮಾಡಿದ್ದು ಆಕೆ, ತಿದ್ದಿದ್ದು ನನ್ನ ಟೇಪ್ ರೆಕಾರ್ಡರು. ವಿಜಯವಾಡದ ಪ್ಲಾಟ್‌ಫಾರಂ ಮೇಲೆ ಇಳಿಯುವಾಗ ನಾನು ಸೋತವನ ಹಾಗೆ ಇಳಿಯಲಿಲ್ಲ.

ಮುಂದಿನ ಗೋಷ್ಠಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಧ್ಯಕ್ಷರ ಮುಖ ಸಂತೆಯ ದಿನದ ಅಂಗಡಿಯ ಹಾಗೆ ತೆರೆದುಕೊಂಡಿತು. "ಆದರೆ," ಎಂದೆ, "ನಾವು ಪಂಥ ಕಟ್ಟಿದ್ದು ಯಾವುದು ಸರಿ ಅಂತ. ಯಾವುದು ಚೆನ್ನ ಅಂತ ಅಲ್ಲ. ಮುಂದಿನ ಸಲ ನನ್ನ ಮನೆಗೆ ಬನ್ನಿ. ನನ್ನ ವೇಗದಲ್ಲಿ ಒಂದು ಸಲ ಕೇಳಿ. ಆಮೇಲೂ ಹಡಗಿನ ಸೆಟ್ಟೇ ಚೆನ್ನ ಅಂದರೆ ನನ್ನ ಬಾಯಿಗೆ ನಾನೇ ಬೀಗ ಹಾಕ್ಕೋತೀನಿ."

ಕುಲಕರ್ಣಿ, "ಮನಷ್ಯಾ ಬಿದ್ರೂ ಮೀಸಿ ಮಣ್ಣಾಗಿಲ್ಲ ಅಂತಾನಲ್ರೀ" ಎಂದು ನಕ್ಕರು. ಆದರೂ ಒಪ್ಪಿದರು. ಸುಮಿತ್ರಾ ಮಾಡುವ ತಟ್ಟೆ ಇಡ್ಲಿಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿತ್ತು.

ಆ ಭಾನುವಾರ ಎಲ್ಲರೂ ಬಂದರು. ನಾನು ಒಂದು ಸಣ್ಣ ಭಾಷಣ ಮಾಡಿದೆ. ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಅವಸರವೇ ಈ ಕಾಲದ ರೋಗ, ದೇವರನಾಮವನ್ನೂ ಅದು ಬಿಟ್ಟಿಲ್ಲ, ಈಗ ಕೇಳಿ ಎಂದು ಹೇಳಿ, ಕ್ಯಾಸೆಟ್ ಹಾಕಿ, ಗುಂಡಿ ಒತ್ತಿ ಕಣ್ಣು ಮುಚ್ಚಿದೆ. ಆಹಾ! ಎರಡೆರಡು ಮನೆಯಲ್ಲಿ ಓಟದ ಹಾಡು ಕೇಳಿ ನೊಂದಿದ್ದ ಕಿವಿಗೆ ತವರು ಸಿಕ್ಕ ಹಾಗಾಯಿತು. ಆ ನಿಧಾನ, ಆ ತಾಳ್ಮೆ, ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಆ ಉಸಿರು. ಎರಡನೆಯ ಹಾಡಿಗೆ ನನ್ನ ಕಣ್ಣು ತೇವವಾಯಿತು. ಒರೆಸಿಕೊಳ್ಳಲಿಲ್ಲ, ನೋಡುವವರು ನೋಡಲಿ ಎಂದು.

ತಟ್ಟೆ ಇಡ್ಲಿ ಆಯಿತು, ಕಾಫಿ ಆಯಿತು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರು ಲೋಟ ಕೆಳಗಿಟ್ಟು, "ಒಪ್ಪಬೇಕಂಡಿ," ಎಂದರು. "ನಾವು ಕೇಳಿದ್ದು ಹಾಡು. ಇದು ಭಕ್ತಿ. ಏನು ನಿಧಾನ, ಏನು ನಿಧಾನ!" ಕುಲಕರ್ಣಿ ಎರಡು ಕೈ ಎತ್ತಿ, "ಆಕೀ ಇಷ್ಟು ಸಾವಕಾಶ ಹಾಡಿದ್ದು ನಾ ಕೇಳೇ ಇಲ್ಲ ಬಿಡ್ರಿ" ಎಂದರು. ಉಳಿದವರೂ ದನಿಗೂಡಿಸಿದರು. ನನ್ನ ಅಭಿಪ್ರಾಯದ ಹಕ್ಕನ್ನು ಚಪ್ಪಾಳೆಯೊಂದಿಗೆ ಮರಳಿಸಲಾಯಿತು. ನಾನು ಗೇಟಿನವರೆಗೆ ಹೋಗಿ ಎಲ್ಲರನ್ನೂ ಬೀಳ್ಕೊಟ್ಟು, ಎದೆಯುಬ್ಬಿಸಿಕೊಂಡು ಒಳಗೆ ಬಂದೆ.

ಸುಮಿತ್ರಾ ತಟ್ಟೆಗಳನ್ನು ಎತ್ತಿಡುತ್ತಿದ್ದಳು. "ರೀ, ಒಂದು ಮಾತು. ಬೈಬೇಡಿ" ಎಂದಳು.

"ಇವತ್ತು ಯಾರನ್ನೂ ಬೈಯೋದಿಲ್ಲ. ಹೇಳು."

"ನಾಲ್ಕು ಜನ ಬರ್ತಾರೆ, ಟೇಪ್ ಗರಗರ ಅನ್ನುತ್ತೆ ಅಂತ ಮೊನ್ನೆ ನೀವು ಆಫೀಸಿಗೆ ಹೋದಾಗ ಅಂಗಡಿಗೆ ಕೊಟ್ಟು ಕ್ಲೀನ್ ಮಾಡಿಸ್ದೆ. ಅವನು ಬೆಲ್ಟೂ ಬದಲಾಯಿಸಿಬಿಟ್ಟಿದ್ದಾನೆ. ಈಗ ಸರಿಯಾಗಿ ತಿರುಗುತ್ತಂತೆ. ಅವತ್ತೇ ಹೇಳೋಕೆ ಬಂದೆ, ನೀವು ಕನ್ನಡಿ ಮುಂದೆ ನಿಂತು 'ಈಗ ಮಾತಾಡಿಸಬೇಡ' ಅಂದ್ರಿ."

ನಾನು ಕುರ್ಚಿಯ ಮೇಲೆ ಕುಳಿತೆ. ಗೋಷ್ಠಿಯವರನ್ನು ಬಿಡಿ, ಅವರ ಹೊಟ್ಟೆಯಲ್ಲಿ ನಮ್ಮ ಇಡ್ಲಿಯಿತ್ತು. ನನ್ನ ಹೊಟ್ಟೆಯಲ್ಲಿ ಏನಿತ್ತು? ನಾನು ಬೆಳಗಿನಿಂದ ಕಾಫಿ ಕೂಡ ಕುಡಿದಿರಲಿಲ್ಲ. ಮೇಲೆದ್ದು ಹೋಗಿ ಗುಂಡಿ ಒತ್ತಿದೆ. ಗಾಯಕಿ ಹಾಡಿದಳು. ಕಣ್ಣು ಬಿಟ್ಟುಕೊಂಡೇ ಕೇಳಿದೆ, ಗೋಡೆಗೆ ಒರಗಿ ಕೇಳಿದೆ, ಕಿವಿಯನ್ನು ಸ್ಪೀಕರಿಗೆ ಹತ್ತಿಸಿ ಕೇಳಿದೆ. ಸುಮಿತ್ರಾ ಸೆರಗಿಗೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಹಳೇ ಬೆಲ್ಟು ಎಸೆದಿಲ್ಲ, ಪೊಟ್ಟಣ ಕಟ್ಟಿ ಕೊಟ್ಟಿದ್ದಾನೆ," ಎಂದಳು ಮೆತ್ತಗೆ. "ಬೇಕಾದ್ರೆ ಅದನ್ನೇ ವಾಪಸ್ ಹಾಕಿಸಲಾ?"

"ಏನೂ ಬೇಡ," ಎಂದೆ. "ನಿಧಾನವಾಗಿಯೇ ಇದೆ."