ಅರವತ್ತು ಗ್ರಾಂ

ಬೆಳಿಗ್ಗೆ ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದ ಲಿಫ್ಟ್ ಪರೀಕ್ಷಕರ ಮುಂದೆ ಮೂರು ವರ್ಷದ ಮಗಳು ಎರಡೂ ಕೈ ಮೇಲೆತ್ತಿ ನಿಂತಳು.

"ಅಪ್ಪಾ, ಎತ್ಕೋ."

ಪರೀಕ್ಷಕರು ಬಗ್ಗಿದರು. ಎಡಗೈ ಮಗಳ ಬೆನ್ನಿಗೆ ಹೋಯಿತು. ಬಲಗೈ ಅರ್ಧ ದಾರಿಯವರೆಗೆ ಬಂದು, ದಾರಿ ಮರೆತವರ ಹಾಗೆ ಅಲ್ಲೇ ನಿಂತುಬಿಟ್ಟಿತು. ಹೆಗಲಿನಲ್ಲಿ ಯಾರೋ ಮೊಳೆ ಹೊಡೆದಂತಾಯಿತು.

"ಅಮ್ಮನ ಹತ್ರ ಹೋಗು ಪುಟ್ಟಿ."

ಮಗಳು ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ಓಡುತ್ತಾ ಕೂಗಿದಳು: "ಅಮ್ಮಾ, ಅಪ್ಪ ಕೆಟ್ಟೋಗಿದೆ!"

ಮಗು ಸುಳ್ಳು ಹೇಳಲಿಲ್ಲ. ಪರೀಕ್ಷಕರ ಉದ್ಯೋಗದಲ್ಲಿ ಒಂದು ವಿಚಿತ್ರವಿತ್ತು. ಊರಿನವರೆಲ್ಲ ಲಿಫ್ಟಿನಲ್ಲಿ ನೆಮ್ಮದಿಯಾಗಿ ಹೋಗಿಬರಲಿ ಎಂದು ಅವರು ಲಿಫ್ಟುಗಳನ್ನು ಪರೀಕ್ಷಿಸುತ್ತಿದ್ದರು. ಪರೀಕ್ಷಿಸಬೇಕಾದರೆ ಮೊದಲು ಲಿಫ್ಟ್ ನಿಲ್ಲಿಸಬೇಕು. ಯಂತ್ರ ಇರುವುದು ಕಟ್ಟಡದ ತಲೆಯ ಮೇಲೆ. ಹೀಗಾಗಿ ಹದಿನಾಲ್ಕು ವರ್ಷಗಳ ಸೇವೆಯಲ್ಲಿ ಅವರು ಹತ್ತಿದ್ದೆಲ್ಲ ಮೆಟ್ಟಿಲುಗಳನ್ನೇ. ಹೆಗಲ ಮೇಲೆ ಕಚೇರಿ ಕೊಟ್ಟ ಹಳೆಯ ಲ್ಯಾಪ್‌ಟಾಪು. ಮೂರೂವರೆ ಕಿಲೋ ತೂಕ. "ಹೀಗೇ ಇನ್ನಾರು ತಿಂಗಳು ಹೊತ್ರೆ ಮಗಳನ್ನಲ್ಲ, ನೀರಿನ ಲೋಟಾನೂ ಎತ್ತೋಕಾಗಲ್ಲ" ಎಂದು ವೈದ್ಯರು ಹೇಳಿದ್ದರು. ಹಗುರವಾದದ್ದೊಂದು ಕೊಡಿಸಿ ಎಂದು ಪರೀಕ್ಷಕರು ನಾಲ್ಕು ಅರ್ಜಿ ಹಾಕಿದ್ದರು. ಮಕ್ಕಳು ಎತ್ತಿಕೋ ಎಂದು ಕೇಳುವ ಕಾಲ ಬಹಳ ದಿನ ಇರುವುದಿಲ್ಲ. ಕೈ ಮೇಲೆತ್ತುವುದನ್ನು ಅವು ಯಾವತ್ತು ಬಿಟ್ಟವು ಎಂಬುದು ನಮಗೆ ಗೊತ್ತೂ ಆಗುವುದಿಲ್ಲ.

ಆ ದಿನ ಕಚೇರಿಗೆ ಕಾಲಿಟ್ಟ ಕೂಡಲೇ ಸ್ಟೋರಿನ ಅಮ್ಮ ಕರೆದು ಮೇಜಿನ ಮೇಲೆ ಎರಡು ಲ್ಯಾಪ್‌ಟಾಪು ಇಟ್ಟರು. ಒಂದು ಕಪ್ಪು, ಒಂದು ಬಿಳಿ. ಎರಡೂ ನೋಟ್‌ಬುಕ್ಕಿನಷ್ಟು ತೆಳ್ಳಗಿದ್ದವು. ಪರೀಕ್ಷಕರಿಗೆ ನಂಬಿಕೆ ಬರಲಿಲ್ಲ.

"ಇದು... ನನಗಾ?"

"ಒಂದು ನಿಮಗೆ. ಇವತ್ತು ಎರಡನ್ನೂ ತಗೊಂಡ್ ಹೋಗಿ, ಕೆಲಸ ಮಾಡಿ ನೋಡಿ. ಸಂಜೆ ಐದಕ್ಕೆ ಯಾವುದು ಬೇಕು ಅಂತ ಬರ್ದುಕೊಡಿ. ಇನ್ನೊಂದು ವಾಪಸ್. ಒಂದ್ಸಲ ಬರ್ದುಕೊಟ್ರೆ ಮುಗೀತು, ಬದಲಾಯ್ಸೋ ಹಾಗಿಲ್ಲ. ದೊಡ್ಡ ಸಾಹೇಬ್ರ ಮಾತು."

"ಯಾವುದು ಹಗುರ ಅಮ್ಮಾ?"

"ಎರಡೂ ಹಗುರಾನೇ. ಎರಡೂ ಸುಮಾರು ಒಂದು ಕಿಲೋ ಅಂತ ಡಬ್ಬಿ ಮೇಲೆ ಬರ್ದಿದೆ."

"ಮತ್ತೆ ಯಾವುದು ಒಳ್ಳೇದು?"

"ಅದು ನನಗೆ ಹೇಗೆ ಗೊತ್ತಾಗ್ಬೇಕು? ಕೊಡೋದು ನಾನು, ಹೊರೋದು ನೀವು."

ಭಾರ ನಿಜವಾಗಿ ಇಳಿಯುವುದು ನಾಳೆಯಿಂದ. ಇವತ್ತು ಮಾತ್ರ ಎರಡೂ ಲ್ಯಾಪ್‌ಟಾಪು, ಎರಡೂ ಚಾರ್ಜರು. ಪರೀಕ್ಷಕರು ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು ಒಂಬತ್ತು ಮಹಡಿಯ ಒಂದು ಕಟ್ಟಡಕ್ಕೆ ಹೋದರು. ಲಿಫ್ಟ್ ನಿಲ್ಲಿಸಿ ಹತ್ತತೊಡಗಿದರು.

ನಾಲ್ಕನೇ ಮಹಡಿಯಲ್ಲಿ ನಿವೃತ್ತ ಹೆಡ್‌ಮಾಸ್ತರರು ಛತ್ರಿ ಹಿಡಿದು ಲಿಫ್ಟಿನ ಬಾಗಿಲ ಮುಂದೆ ಕಾಯುತ್ತಿದ್ದರು. ಅದು ನಿಂತಿದೆ ಎಂದು ತಿಳಿದದ್ದೇ ಅವರ ಕೋಪ ಏರಿತು. ಪರೀಕ್ಷಕರು ಸಮಾಧಾನ ಮಾಡಲು ಬಾಯಿ ತೆರೆದು, ಉಸಿರಿಲ್ಲದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಚೀಲದಿಂದ ಎರಡೂ ಲ್ಯಾಪ್‌ಟಾಪು ಇಣುಕಿದವು.

"ಎರಡ್ಯಾಕ್ರೀ?" ಎಂದರು ಮಾಸ್ತರರು.

"ಒಂದು ಆರಿಸ್ಬೇಕು ಸಾರ್."

ಅಷ್ಟು ಸಾಕಾಯಿತು. ಇನ್ನೊಬ್ಬರು ಆರಿಸಬೇಕಾದ ವಸ್ತು ಕಣ್ಣಿಗೆ ಬಿದ್ದರೆ ಸುಮ್ಮನಿರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಮಾಸ್ತರರು ಎರಡನ್ನೂ ತೆರೆದು, ಕನ್ನಡಕ ಹಣೆಗೇರಿಸಿ, ಉತ್ತರಪತ್ರಿಕೆ ತಿದ್ದುವವರಂತೆ ನೋಡಿದರು.

"ಬಿಳೀದು. ತೆರೆ ದೊಡ್ಡದು. ಅಕ್ಷರ ಅಂದ್ರೆ ಅಕ್ಷರ ಕಾಣ್ಬೇಕು, ಇರುವೆ ಕಂಡ ಹಾಗಿರ್ಬಾರ್ದು."

"ಏನ್ರೀ ಅದು ಗಲಾಟೆ?" ಎನ್ನುತ್ತ ಐದನೇ ಮಹಡಿಯ ಅಜ್ಜಿ ಕಂಬಿ ಹಿಡಿದು ಇಳಿದು ಬಂದರು. ವಿಷಯ ಕೇಳಿ, "ಹೊರೋ ಸಾಮಾನಿಗೆ ತೆರೆ ನೋಡ್ತಾರಾ ಯಾರಾದ್ರೂ? ತೂಕ ನೋಡ್ಬೇಕು" ಎಂದು ಮನೆಗೆ ಹಿಂತಿರುಗಿ ಅಡುಗೆಮನೆಯ ತಕ್ಕಡಿಯನ್ನೇ ತಂದರು. ಹಿಟ್ಟು ಅಂಟಿದ್ದ ಆ ಪುಟ್ಟ ತಕ್ಕಡಿಯ ಮೇಲೆ ಕಪ್ಪು ಲ್ಯಾಪ್‌ಟಾಪು ಕುಳಿತಿತು. ಒಂಬೈನೂರ ಎಂಬತ್ತು. ಬಿಳಿಯದು ಕುಳಿತಿತು. ಸಾವಿರದ ನಲವತ್ತು.

"ನೋಡಿದ್ಯಾ! ಅರವತ್ತು ಗ್ರಾಂ!" ಅಜ್ಜಿ ಗೆದ್ದವರಂತೆ ಸೊಂಟದ ಮೇಲೆ ಕೈಯಿಟ್ಟರು.

"ಅರವತ್ತು ಗ್ರಾಂ ಒಂದು ತೂಕಾನಾ?" ಮಾಸ್ತರರು ನಕ್ಕರು.

"ಒಂದು ಮೊಟ್ಟೆ ತೂಕ! ಹೆಗಲ ಮೇಲೊಂದು ಮೊಟ್ಟೆ ಇಟ್ಕೊಂಡು ಒಂಬತ್ತು ಮಹಡಿ ಹತ್ತಿ ನೋಡಿ, ಆಮೇಲೆ ಮಾತಾಡಿ. ಮಗಾ, ನನ್ನ ಮಾತು ಕೇಳು. ಕಪ್ಪೇ ತಗೋ."

ಲಿಫ್ಟಿಲ್ಲದೆ ಸಿಕ್ಕಿಹಾಕಿಕೊಂಡಿದ್ದ ಜನ ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಸೇರಿದರು. ಮೇಲಿನ ಮೆಟ್ಟಿಲಿನವರು ಕಪ್ಪು ಎಂದರು, ಕೆಳಗಿನ ಮೆಟ್ಟಿಲಿನವರು ಬಿಳಿ ಎಂದರು. ಪರೀಕ್ಷಕರು ಎರಡನ್ನೂ ಚೀಲಕ್ಕೆ ಹಾಕಿ, ನಡುವೆ ಜಾಗ ಮಾಡಿಕೊಂಡು ಮೇಲೆ ಹೋಗಿಬಿಟ್ಟರು. ಅವರು ಹೋದದ್ದನ್ನು ಯಾರೂ ಗಮನಿಸಲಿಲ್ಲ.

ಮೇಲಿನ ಯಂತ್ರದ ಕೋಣೆಯಲ್ಲಿ ಅವರು ಹಗ್ಗ ನೋಡಿದರು, ಬ್ರೇಕು ನೋಡಿದರು. ಲಿಫ್ಟ್ ಹಿಡಿತ ತಪ್ಪಿ ಜಾರಿದರೆ ಅದನ್ನು ಕಚ್ಚಿ ನಿಲ್ಲಿಸುವ ತಡೆಯೊಂದು ಇರುತ್ತದೆ; ಅದನ್ನೂ ಬಿಗಿ ಮಾಡಿ ಪರೀಕ್ಷಿಸಿದರು. ಯಾವ ಲ್ಯಾಪ್‌ಟಾಪಿಗೂ ಅನ್ಯಾಯವಾಗಬಾರದೆಂದು ವರದಿಯ ಮೊದಲ ಅರ್ಧವನ್ನು ಕಪ್ಪಿನಲ್ಲಿ ಬರೆದರು, ಉಳಿದರ್ಧವನ್ನು ಬಿಳಿಯದರಲ್ಲಿ. ಎರಡೂ ಸೊಗಸಾಗಿ ಕೆಲಸ ಮಾಡಿದವು. ಇನ್ನು ಕಳಿಸುವುದೊಂದೇ ಬಾಕಿ. ಆದರೆ ಆ ಕಬ್ಬಿಣದ ಕೋಣೆಯೊಳಗೆ ಫೋನಿನಲ್ಲಿ ಮಾತಾಡಬಹುದಿತ್ತು, ಇಂಟರ್ನೆಟ್ ಮಾತ್ರ ಸಿಗುತ್ತಿರಲಿಲ್ಲ. ಕೆಳಗೆ ಹೋಗಿ ಕಳಿಸೋಣ ಎಂದುಕೊಂಡರು.

ಚೀಲ ಎತ್ತಹೋದರೆ ಹೆಗಲು ಕಿತ್ತು ಬಂದಂತಾಯಿತು. ಕೆಳಗೆ ಒಂಬತ್ತು ಮಹಡಿಗಳು ಬಾಯಿ ತೆರೆದು ಕುಳಿತಿದ್ದವು. ಆಗ ಅವರ ತಲೆಗೆ ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬಾರದ ಯೋಚನೆಯೊಂದು ಬಂತು. ಒಪ್ಪಿಗೆಯಾಗುವವರೆಗೆ ಲಿಫ್ಟಿನಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಇಡಬಾರದು ಎಂದು ಊರಿಗೆಲ್ಲ ಹೇಳುವ ಮನುಷ್ಯ, ಅತ್ತಿತ್ತ ನೋಡಿ, ಪರೀಕ್ಷೆಗೆಂದು ಮೇಲಕ್ಕೆ ತಂದಿದ್ದ ಲಿಫ್ಟಿನಲ್ಲಿ ಚೀಲವನ್ನಿಟ್ಟರು. ಕಾವಲುಗಾರನಿಗೆ ಫೋನು ಮಾಡಿ, "ಚೀಲ ಬರ್ತಾ ಇದೆ, ತೆಗೆದಿಟ್ಕೊಳ್ಳಪ್ಪಾ" ಎಂದು ಲಿಫ್ಟನ್ನು ಕೆಳಕ್ಕೆ ಬಿಟ್ಟರು.

ಬಿಗಿ ಮಾಡಿದ್ದ ತಡೆಯನ್ನು ಸಡಿಲಿಸಲು ಮಾತ್ರ ಮರೆತಿದ್ದರು.

ಲಿಫ್ಟ್ ಐದು ಮಹಡಿ ಇಳಿದು, ನಾಲ್ಕನೆಯದಕ್ಕೂ ಮೂರನೆಯದಕ್ಕೂ ನಡುವೆ ಗಕ್ಕನೆ ನಿಂತಿತು. ತಡೆ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ಪರೀಕ್ಷಕರು ತಮ್ಮ ಸೇವೆಯಲ್ಲೇ ಕಂಡಿರಲಿಲ್ಲ. ಆ ತಡೆ ಒಮ್ಮೆ ಕಚ್ಚಿಕೊಂಡರೆ, ಕಚೇರಿಗೆ ವರದಿ ಕಳಿಸಿ ಒಪ್ಪಿಗೆ ಪಡೆದ ಮೇಲೆಯೇ ಬಿಡಿಸಬೇಕೆಂಬುದು ನಿಯಮ. ಬಾಯಿಮಾತು ನಡೆಯುವುದಿಲ್ಲ. ವರದಿ ಲ್ಯಾಪ್‌ಟಾಪಿನಲ್ಲಿತ್ತು. ಲ್ಯಾಪ್‌ಟಾಪು ಲಿಫ್ಟಿನಲ್ಲಿತ್ತು.

"ಸಾರ್, ಚೀಲ ಬರ್ಲಿಲ್ಲ" ಎಂದಿತು ಫೋನು.

ಪರೀಕ್ಷಕರು ನಾಲ್ಕನೇ ಮಹಡಿಗೆ ಓಡಿ ಬಂದಾಗ ಜನ ಇನ್ನೂ ಅಲ್ಲೇ ಜಗಳವಾಡುತ್ತಿದ್ದರು. ಕೀಲಿ ಹಾಕಿ ಬಾಗಿಲು ಸರಿಸಿದರೆ, ಲಿಫ್ಟಿನ ಛಾವಣಿಗೂ ಮಹಡಿಯ ನೆಲಕ್ಕೂ ನಡುವೆ ಒಂದು ಗೇಣು ಸಂದು. ಒಳಗೆ, ಒಂದಾಳೆತ್ತರ ಕೆಳಗೆ, ಚೀಲ ತಣ್ಣಗೆ ಮಲಗಿತ್ತು.

"ಅಯ್ಯೋ! ಒಳಗೆ ಯಾರಿದ್ದಾರೆ?" ಎಂದು ಅಜ್ಜಿ ಎದೆ ಹಿಡಿದುಕೊಂಡರು.

"ಯಾರೂ ಇಲ್ಲ. ನನ್ನ ಕಪ್ಪು ಬಿಳಿ ಎರಡೂ ಇವೆ."

ಮಾಸ್ತರರು ಒಳಗಿಣುಕಿ, ನಿಧಾನವಾಗಿ ಮುಖವೆತ್ತಿದರು. "ಅದನ್ನ ಅಲ್ಲಿಟ್ಟೋರು ಯಾರು?"

ಪರೀಕ್ಷಕರು ಕೀಲಿಯನ್ನು ಜೇಬಿಗಿಳಿಸಿದರು. ಅಷ್ಟು ದೊಡ್ಡ ಮನುಷ್ಯ ಶಾಲೆಯ ಹುಡುಗನಂತೆ ನೆಲ ನೋಡಿದರು. ಉತ್ತರ ಎಲ್ಲರಿಗೂ ಸಿಕ್ಕಿತು.

ಅಜ್ಜಿಯ ಮನೆಯ ಪರದೆಯ ಕೋಲಿಗೆ ಬಟ್ಟೆ ನೇತುಹಾಕುವ ಕೊಕ್ಕೆ ಕಟ್ಟಿದರು. ಪರೀಕ್ಷಕರು ನೆಲದ ಮೇಲೆ ಬೋರಲಾಗಿ ಮಲಗಿ, ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟಂತೆ ಕೋಲನ್ನು ಸಂದಿನೊಳಗೆ ಇಳಿಸಿದರು. ಕೊಕ್ಕೆ ಚೀಲದ ಪಟ್ಟಿಗೆ ಸಿಕ್ಕಿತು. ಎಲ್ಲರೂ ಉಸಿರು ಬಿಗಿಹಿಡಿದರು. ಚೀಲ ಎದ್ದಿತು. ಹೆಗಲು ಬೇಡವೆಂದಿತು. ಚೀಲ ಬಿತ್ತು.

"ಅಯ್ಯಯ್ಯೋ!" ಎಂದಿತು ಮೆಟ್ಟಿಲ ಮೇಲಿನ ಜನ ಒಂದೇ ಬಾಯಲ್ಲಿ.

ಎರಡನೇ ಸಲವೂ ಹಾಗೇ ಆಯಿತು. ಮಾಸ್ತರರು, "ಪಕ್ಕಕ್ಕೆ ಸರೀರಿ, ನಾನು ಹಿಡೀತೀನಿ" ಎಂದರು. ಆದರೆ ಸರಕಾರಿ ಸಾಮಾನನ್ನು ಹೊರಗಿನವರು ಮುಟ್ಟುವಂತಿಲ್ಲ ಎಂದು ಪರೀಕ್ಷಕರು ಆ ಸ್ಥಿತಿಯಲ್ಲೂ ಹಟ ಹಿಡಿದರು. ಬೆಳಿಗ್ಗೆ ಅದೇ ಸಾಮಾನು ಅಜ್ಜಿಯ ಹಿಟ್ಟಿನ ತಕ್ಕಡಿಯ ಮೇಲೆ ಕುಳಿತದ್ದು ಅವರಿಗೆ ಮರೆತೇಹೋಗಿತ್ತು.

"ಹಾಗಾದ್ರೆ ಸಾಮಾನು ಮುಟ್ಟೋದು ಬೇಡ" ಎಂದರು ಅಜ್ಜಿ. "ಕೋಲು ಇವನು ಹಿಡ್ಕೊಳ್ಲಿ. ಇವನನ್ನ ನಾವು ಹಿಡ್ಕೊಳ್ಳೋಣ."

ಮೂರನೇ ಸಲ ಕೊಕ್ಕೆ ಸಿಕ್ಕಿದ ಕೂಡಲೇ ಪರೀಕ್ಷಕರು ಕೋಲನ್ನು ಎರಡೂ ಕೈಯಲ್ಲಿ ಅವಚಿ ಹಿಡಿದರು. ಮಾಸ್ತರರು ಒಂದು ಕಾಲು, ಮೇಲೆ ಬಂದಿದ್ದ ಕಾವಲುಗಾರ ಇನ್ನೊಂದು ಕಾಲು ಹಿಡಿದು ಎಳೆದರು. ಮೊದಲು ಪರೀಕ್ಷಕರು ಬಂದರು, ಆಮೇಲೆ ಕೋಲು ಬಂತು, ಕೊನೆಗೆ ಚೀಲ ಬಂತು. ಅಂಗಿಯ ಎರಡು ಗುಂಡಿ ಮಾತ್ರ ಲಿಫ್ಟಿನ ಪಾಲಾದವು.

ಎರಡೂ ಲ್ಯಾಪ್‌ಟಾಪಿಗೆ ಒಂದು ಗೀರೂ ಬಿದ್ದಿರಲಿಲ್ಲ. ಗಟ್ಟಿತನದಲ್ಲೂ ಎರಡೂ ಸಮವೇ. ಎರಡರಿಂದಲೂ ಅರ್ಧರ್ಧ ವರದಿ ಹೋಯಿತು, ಒಪ್ಪಿಗೆ ಬಂತು, ತಡೆ ಬಿಟ್ಟಿತು. ಲಿಫ್ಟ್ ನಾಲ್ಕನೇ ಮಹಡಿಗೆ ಬಂದು ಬಾಗಿಲು ತೆರೆದದ್ದೇ ತಡ, ಜನರೆಲ್ಲ ನುಗ್ಗಿದರು. ಪರೀಕ್ಷಕರೂ ಒಂದು ಕಾಲಿಟ್ಟರು. ಕೂಡಲೇ ಗಂಟೆ ಹೊಡೆದುಕೊಂಡಿತು. ಭಾರ ಹೆಚ್ಚಾಯಿತು. ಎಲ್ಲರೂ ಪರೀಕ್ಷಕರ ಮುಖ ನೋಡಿದರು.

"ನಿಮಗೆ ಮೆಟ್ಟಿಲು ಅಭ್ಯಾಸ ಇದೆಯಲ್ಲ" ಎಂದರು ಮಾಸ್ತರರು.

ಪರೀಕ್ಷಕರು ಇಳಿದರು. ಉಳಿದ ಮಹಡಿಗಳನ್ನು ಇಳಿಯುವಾಗ ಅವರ ಮನಸ್ಸು ಗಟ್ಟಿಯಾಯಿತು. ತೆರೆ ಯಾರಿಗೆ ಬೇಕು? ಹೆಗಲು ಉಳಿಯಬೇಕು. ಒಂದು ಮೊಟ್ಟೆಯಾದರೇನು, ಅರ್ಧ ಮೊಟ್ಟೆಯಾದರೇನು, ಕಡಿಮೆಯಾದದ್ದೆಲ್ಲ ಮಗಳಿಗೇ ಸೇರಿದ್ದು.

ಐದಕ್ಕೆ ಎರಡು ನಿಮಿಷ ಇರುವಾಗ ಸ್ಟೋರಿನ ಅಮ್ಮನ ಮುಂದೆ ನಿಂತು, "ಕಪ್ಪು" ಎಂದು ಬರೆದು ಸಹಿ ಹಾಕಿದರು. ಅಮ್ಮ ಬಿಳಿಯದನ್ನು ತೆಗೆದುಕೊಂಡು ಕಪಾಟಿನೊಳಗಿಟ್ಟು ಬೀಗ ಹಾಕಿದರು. "ದೊಡ್ಡ ಸಾಹೇಬ್ರು ನಿಮ್ಮನ್ನ ಬರಹೇಳಿದ್ದಾರೆ" ಎಂದರು.

ಲಿಫ್ಟಿನ ವಿಷಯ ತಿಳಿದುಹೋಯಿತೇ ಎಂದು ಪರೀಕ್ಷಕರು ಗುಂಡಿಯಿಲ್ಲದ ಅಂಗಿಯನ್ನು ಎಡಗೈಯಿಂದ ಮುಚ್ಚಿಕೊಂಡರು. ಒಳಗೆ ಹೋದರೆ ಸಾಹೇಬರು ನಗುತ್ತಿದ್ದರು.

"ಕಪ್ಪು ಆರಿಸಿದ್ರಂತಲ್ಲ?"

"ಹೌದು ಸರ್. ಅರವತ್ತು ಗ್ರಾಂ ಕಡಿಮೆ ಇದೆ." ಧೈರ್ಯ ಬಂದು ಪರೀಕ್ಷಕರು ಬಣ್ಣಿಸಿದರು: ತಕ್ಕಡಿಯಲ್ಲಿ ತೂಗಿದ್ದು, ಮೆಟ್ಟಿಲು ಹತ್ತಿ ನೋಡಿದ್ದು, ಹತ್ತು ಜನರ ಮಾತು ಕೇಳಿದ್ದು. ಲಿಫ್ಟಿನೊಳಗೆ ಇಟ್ಟದ್ದೊಂದನ್ನು ಬಿಟ್ಟರು.

ಸಾಹೇಬರು ಎದ್ದು ಬಂದು ಅವರ ಬಲಗೈಯನ್ನೇ ಹಿಡಿದು ಕುಲುಕಿದರು. ಪರೀಕ್ಷಕರ ಕಣ್ಣಲ್ಲಿ ನೀರು ಬಂತು. ಸಾಹೇಬರು ಅದನ್ನು ಸಂತೋಷವೆಂದೇ ತಿಳಿದರು.

"ಭೇಷ್! ನೋಡಿ, ಕೆಳಗಡೆ ದಾಖಲೆ ಕೋಣೆಗೆ ಒಬ್ರು ಬೇಕಾಗಿತ್ತು. ಕೂತ್ಕೊಂಡ್ ಮಾಡೋ ಕೆಲಸ. ಒಂದು ಮೆಟ್ಟಿಲೂ ಇಲ್ಲ. ನಿಮ್ಮ ಅರ್ಜಿ ನಾಲ್ಕೂ ಓದಿದ್ದೆ, ಪಾಪ ಇವರಿಗೇ ಕೊಡೋಣ ಅಂದ್ಕೊಂಡಿದ್ದೆ. ಬಿಳೀದನ್ನ ತರಿಸಿದ್ದು ಆ ಕುರ್ಚಿಗೆ. ಕಪ್ಪು, ಓಡಾಡೋರಿಗೆ."

ಪರೀಕ್ಷಕರು ಚೀಲದಲ್ಲಿದ್ದ ಕಪ್ಪನ್ನು ಮುಟ್ಟಿ ನೋಡಿಕೊಂಡರು.

"ಸರ್... ಇದನ್ನ... ಬೆಳಿಗ್ಗೇನೇ ಹೇಳಿದ್ರೆ..."

"ಹೇಳಿದ್ರೆ ಎಲ್ಲರೂ ಕುರ್ಚೀನೇ ಆರಿಸ್ತಾರೆ! ಮನಸ್ಸು ಎಲ್ಲಿದೆ ಅಂತ ತಿಳಿಯೋದು ಹೇಳ್ದೆ ಇದ್ದಾಗ್ಲೇ. ಕೂರೋ ಆಸೆ ಇರೋನು ತೆರೆ ನೋಡ್ತಾನೆ. ಅರವತ್ತು ಗ್ರಾಂಗೋಸ್ಕರ ತಕ್ಕಡಿ ಹುಡುಕೋನು ಹತ್ತೋಕೇ ಹುಟ್ಟಿದೋನು. ನಿಮ್ಮಂಥೋರನ್ನ ಕುರ್ಚಿಗೆ ಕಟ್ಟಿಹಾಕೋದು ಪಾಪದ ಕೆಲಸ ಕಣ್ರೀ. ಈಗ ಭಾರಾನೂ ಇಳೀತಲ್ಲ, ನಾಳೆಯಿಂದ ದಿನಕ್ಕೊಂದರ ಬದಲು ಮೂರು ಕಟ್ಟಡ ನೋಡಿ."

"ಸರ್, ನನಗೆ ಆ ಕುರ್ಚಿ..."

"ಅದಕ್ಕೆ ಸ್ಟೋರಿಂದ ಸುದ್ದಿ ಬಂದ ಕೂಡ್ಲೇ ಬೇರೆಯವರ ಹೆಸರು ಕಳಿಸಿಬಿಟ್ಟೆ. ಒಳ್ಳೇ ಮನುಷ್ಯ. ನಿಮ್ಮ ಆಯ್ಕೆ ಕಾಯ್ತಾ ಹೊರಗೇ ಕೂತಿದ್ರು."

ಪರೀಕ್ಷಕರು ಸಣ್ಣ ದನಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು. "ಅವರು ನಿವೃತ್ತಿ ಆಗೋದು ಯಾವಾಗ ಸರ್?"

"ಇನ್ನೂ ಹನ್ನೆರಡು ವರ್ಷ ಇದೆ. ಯಾಕೆ?"

"ಏನಿಲ್ಲ ಸರ್" ಎಂದು ಪರೀಕ್ಷಕರು ಹೊರಗೆ ಬಂದರು. ಗೋಡೆಗೆ ಒರಗಿ ನಿಂತು ಎಡಗೈ ಬೆರಳು ಮಡಿಸಿ ಎಣಿಸಿದರು. ಮೂರಕ್ಕೆ ಹನ್ನೆರಡು ಸೇರಿದರೆ ಹದಿನೈದು. ಆ ಕುರ್ಚಿ ಸಿಕ್ಕಿ, ಹೆಗಲು ವಾಸಿಯಾಗಿ, ಅವರು ಮನೆಗೆ ಹೋಗಿ ಕೈ ಚಾಚುವ ಹೊತ್ತಿಗೆ ಮಗಳಿಗೆ ಹದಿನೈದು ತುಂಬಿರುತ್ತದೆ. ಆಗ ಯಾರು ಯಾರನ್ನು ಎತ್ತಿಕೊಳ್ಳಬೇಕಾಗುತ್ತದೋ, ದೇವರೇ ಬಲ್ಲ.