ಮೂರನೇ ತಿರುವು, ಎಡಗಡೆ ಮತ್ತಿ ಮರ

ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅದಕ್ಕೇ ದಿನಚರಿ ಬರೆಯುತ್ತೇನೆ. ಆದರೆ ಬರೆಯುವವನೂ ನಾನೇ ಆದ್ದರಿಂದ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕೋ ತಿಳಿಯದು. ತೊಂಬತ್ತರ ದಶಕದ ಕೊನೆಯಲ್ಲಿ, ಹಲಸೂರಿನ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ನಾನು ಕಾಡು ತೋರಿಸುವ ಮಾರ್ಗದರ್ಶಿ ಆದದ್ದು ಹೇಗೆ ಎಂಬುದು ಎರಡರಲ್ಲೂ ಸ್ಪಷ್ಟವಿಲ್ಲ. ಸ್ಟಾಫ್ ರೂಮಿನಲ್ಲಿ ಯಾರು ಹೋಗುತ್ತೀರಿ ಎಂದು ಕೇಳಿದಾಗ ನಾನು ಮೈಮುರಿಯಲು ಕೈಯೆತ್ತಿದ್ದಿರಬೇಕು ಎಂದು ನನ್ನ ಹೆಂಡತಿಯ ಊಹೆ.

ಕೆಲಸ ಇಷ್ಟೇ. ವಿದ್ಯಾರ್ಥಿಗಳನ್ನೂ ಸುತ್ತಮುತ್ತಲ ನಿವಾಸಿಗಳನ್ನೂ ಆನೇಕಲ್ಲಿನಾಚೆಯ ಕಾಡಿಗೆ ಕರೆದೊಯ್ದು, ಮರಗಳ ಪರಿಚಯ ಮಾಡಿಸಿ, ಕಾಡನ್ನು ಯಾಕೆ ಉಳಿಸಬೇಕೆಂದು ಹೇಳುವುದು. ಆಮೇಲೆ ಒಬ್ಬ ವಿದ್ಯಾರ್ಥಿಯ ವರದಿಯನ್ನು ಅರಣ್ಯ ಕಚೇರಿಗೆ ಕಳಿಸಬೇಕು. ಅವರಿಗೆ ಮೆಚ್ಚಿಗೆಯಾದರೆ ಪ್ರತಿ ತಿಂಗಳೂ ಅನುಮತಿ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಒಂದು ವಾರ ಮೊದಲೇ ಹೋಗಿ ಅರಣ್ಯ ಇಲಾಖೆಯ ವಾಚರ್ ಮಾದಪ್ಪನ ಜೊತೆ ಸುತ್ತಾಡಿ ಹೆಸರುಗಳನ್ನು ಬರೆದುಕೊಂಡೆ. ನನ್ನ ಕಣ್ಣಿಗೆ ಎಲ್ಲ ಮರಗಳೂ ಒಂದೇ. ಇಂದಿರಾನಗರದ ಕ್ರಾಸು ಮೇನುಗಳಲ್ಲಿ ವರ್ಷಗಟ್ಟಲೆ ಬಾಳಿದವನು ಇನ್ನೇನು ಮಾಡಿಯಾನು? ವಿಳಾಸ ಬರೆದುಕೊಂಡೆ. ‘ಗೇಟಿನಿಂದ ಮೂರನೇ ತಿರುವು, ಎಡಗಡೆ ಎರಡನೆಯದು ಮತ್ತಿ. ತೊಗಟೆ ಮೊಸಳೆ ಚರ್ಮದಂತೆ.’ ಅಂಚೆಯವನೂ ತಪ್ಪದೆ ತಲುಪಬಹುದಾದ ವಿಳಾಸ!

ಹೋದ ದಿನ ಗೇಟಿನ ಬಳಿ ಆನೆ ನಿಂತಿತ್ತು. ಮಾದಪ್ಪ ನಮ್ಮನ್ನು ಸುತ್ತುಹಾದಿಯಲ್ಲಿ ಕರೆದೊಯ್ದು ಇನ್ನೊಂದು ತುದಿಯಿಂದ ಒಳಗೆ ಬಿಟ್ಟು, "ಗಲಾಟೆ ಮಾಡ್ಬೇಡ್ರಪ್ಪ" ಎಂದು ಕೋಲು ಹಿಡಿದು ಬಹಳ ಮುಂದೆ ನಡೆದ. ನಾನು ದಿನಚರಿ ತೆರೆದು ತಿರುವುಗಳನ್ನು ಎಣಿಸತೊಡಗಿದೆ. ಎಡ ಬಲವಾಗಿ, ಮೊದಲನೆಯದು ಕೊನೆಯದಾಗಿದೆ ಎಂಬುದು ಹೊಳೆದದ್ದು ಊರಿಗೆ ಮರಳುವ ಬಸ್ಸಿನಲ್ಲಿ.

"ಇದು ಮತ್ತಿ. ಮೊಸಳೆ ಚರ್ಮ ನೋಡಿ" ಎಂದೆ.

ಶಿವಾಜಿನಗರದಿಂದ ಬರುವ ವಿದ್ಯಾರ್ಥಿನಿ ಶಬಾನಾ ಕಾಂಡ ಸವರಿದಳು. "ಸಾರ್, ನೈಸಾಗಿದೆಯಲ್ಲ?"

"ಇನ್ನೂ ಎಳೇದಮ್ಮ. ವಯಸ್ಸಾದ್ಮೇಲೆ ಒರಟಾಗುತ್ತೆ." ಆ ಮರದ ತುದಿ ನೋಡಲು ಹೋದರೆ ನನ್ನ ಕತ್ತು ನೋಯುತ್ತಿತ್ತು.

ನಿವಾಸಿಗಳ ಪೈಕಿ ದೊಮ್ಮಲೂರಿನ ಮುನಿಯಮ್ಮ ಎಂಬ ಅಜ್ಜಿ ಬಂದಿದ್ದರು. ಅವರ ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ. "ಮೇಷ್ಟ್ರೇ, ಇದು ದಿಂಡಗ ಅಲ್ವಾ? ನಮ್ಮಪ್ಪ ಗಾಡಿ ಅಚ್ಚಿಗೆ ಇದ್ನೇ ತರ್ತಿದ್ರು. ಮತ್ತಿ ಅಂತ ಯಾರ್ ಹೇಳಿದ್ರು ನಿಮ್ಗೆ?"

ನಾನು ದಿನಚರಿ ತೋರಿಸಿದೆ. "ಇಲ್ಲಿ ಬರ್ದಿದೆಯಲ್ಲಮ್ಮ."

"ನೀವ್ ಬರ್ದಿರೋದು ಮರಕ್ಕೆ ಗೊತ್ತಾ?"

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅಜ್ಜಿಯ ಹಿಂದೆ. ನನ್ನ ಜೊತೆ ಉಳಿದದ್ದು ದಿನಚರಿ ಮಾತ್ರ. ಮುತ್ತುಗದ ಎಲೆ ಕಿತ್ತು ಊಟದೆಲೆ ಹಚ್ಚುವುದನ್ನು ತೋರಿಸುತ್ತ ಅವರು, "ನಮ್ ಕೆರೆ ಹೋಯ್ತು, ಬರೀ ಅದರ ಮಾತು ಉಳ್ಕೊಂಡೈತೆ. ಈ ಕಾಡಾದ್ರೂ ಇರ್ಲಿ ಕಣ್ರವ್ವಾ" ಎಂದರು. ಎರಡು ಪುಟ ಸಿದ್ಧಪಡಿಸಿದ್ದ ನನ್ನ ಭಾಷಣ ಜೇಬಿನಲ್ಲೇ ಬೆವರಿತು.

ವರದಿಗಳು ಬಂದವು. ನಮ್ಮ ವಿದ್ಯಾರ್ಥಿಗಳು ವಿನಯವಂತರು. ಹೆಚ್ಚಿನವರು ‘ಎಳೆಯ ಮತ್ತಿ’ ಎಂದೇ ಬರೆದಿದ್ದರು. ಅದನ್ನು ಕಳಿಸಿದರೆ ಅರಣ್ಯ ಕಚೇರಿಯವರು ನಕ್ಕು ಅನುಮತಿಗೆ ಮಂಗಳ ಹಾಡುವುದು ಖಂಡಿತ. ಶಬಾನಾ ಮಾತ್ರ ಹೀಗೆ ಬರೆದಿದ್ದಳು: ‘ಸಾರ್ ಪ್ರಕಾರ ಮತ್ತಿ. ಅಜ್ಜಿ ಪ್ರಕಾರ ದಿಂಡಗ. ನಾನು ಮುಟ್ಟಿ ನೋಡಿದೆ, ಅಜ್ಜಿ ಸರಿ.’ ಎರಡು ದಿನ ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಮೂರನೆಯ ದಿನ, ಬೇರೆ ದಾರಿ ಕಾಣದೆ, ಅದನ್ನೇ ಕಳಿಸಿದೆ.

ಉತ್ತರ ಬಂತು. ‘ತಿಂಗಳಿಗೊಮ್ಮೆ ಬರಬಹುದು. ಅಜ್ಜಿಯವರನ್ನು ತಪ್ಪದೆ ಕರೆತರುವುದು.’ ಅದರ ಕೆಳಗೆ ‘ಮೇಷ್ಟ್ರೂ ಬರಲಿ’ ಎಂಬ ಸಾಲೂ ಇತ್ತೆಂದು ನನಗೆ ಚೆನ್ನಾಗಿ ನೆನಪಿದೆ. ಪತ್ರವನ್ನು ದಿನಚರಿಯಲ್ಲಿ ಅಕ್ಷರಶಃ ನಕಲು ಮಾಡಿಟ್ಟಿದ್ದೇನೆ. ಅದರಲ್ಲಿ ಆ ಸಾಲಿಲ್ಲ. ಇದೊಂದು ವಿಷಯದಲ್ಲಿ ಮಾತ್ರ ನಾನು ನನ್ನ ನೆನಪನ್ನು ಪೂರ್ತಿಯಾಗಿ ನಂಬುತ್ತೇನೆ.